ಮೂರನೆಯ ಪುಟದ ಅರ್ಥಗಳು

ನಮ್ಮ ಶಾಲೆಗೆ ಈ ವರ್ಷ ಇಂಗ್ಲಿಷ್ ಕಲಿಸಲು ಸೇರಿದ ಇಬ್ಬರು ಹುಡುಗಿಯರು ಕಳೆದ ತಿಂಗಳು ಕಾಪುವಿನ ನನ್ನ ಮನೆಗೆ ಬಂದಿದ್ದರು. ಬಿಸ್ಕತ್ತು ಬೇಡ ಬೇಡ ಎನ್ನುತ್ತಲೇ ತಟ್ಟೆ ಖಾಲಿ ಮಾಡಿ, "ಐರಿನ್ ಟೀಚರ್, ನಿಮ್ಮ ಅನುಭವ ಸ್ವಲ್ಪ ಬರೆದು ಕೊಡ್ತೀರಾ? ನಮಗೆ ಉಪಕಾರ ಆಗ್ತದೆ" ಎಂದರು. ನಿವೃತ್ತಿಯಾದವರನ್ನು ಯಾರಾದರೂ ಹೀಗೆ ಕೇಳುವುದೇ ಅಪರೂಪ. ಕೇಳಿದ ಮೇಲೆ ನಾವು ಸುಮ್ಮನಿರುವುದು ಇನ್ನೂ ಅಪರೂಪ. ಒಪ್ಪಿಕೊಂಡೆ.

ನನ್ನ ಬೀಳ್ಕೊಡುಗೆಯ ದಿನ ಏಳು ಜನ ಭಾಷಣ ಮಾಡಿದರು. ಬಡಮಕ್ಕಳಿಗೆ ಇಂಗ್ಲಿಷಿನ ಬಾಗಿಲು ತೆರೆದವಳು, ಶಿಸ್ತಿನ ಸಿಪಾಯಿ, ಫಲಿತಾಂಶ ತಂದುಕೊಟ್ಟವಳು ಎಂದೆಲ್ಲ ಹೇಳಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದರು. ಆ ಏಳು ಭಾಷಣಗಳಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ. ಇದ್ದದ್ದು ಬೇಕಾದರೆ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ನೋಡಿಕೊಳ್ಳಿ.

ಮೊದಲು ಒಂದು ಸತ್ಯ. ನಾನು ಇಂಗ್ಲಿಷ್ ಟೀಚರ್ ಆದಾಗ ಇಂಗ್ಲಿಷಿನಲ್ಲಿ ಯಾರೊಡನೆಯೂ ಐದು ನಿಮಿಷ ಮಾತಾಡಿದವಳಲ್ಲ. ನಮ್ಮದು ಕೊಂಕಣಿ ಮನೆ. ಗೇಟು ದಾಟಿದರೆ ತುಳು. ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಬರುತ್ತಿದ್ದದ್ದು ದುಬೈಯಲ್ಲಿದ್ದ ಚಿಕ್ಕಪ್ಪ ತಂದ ಶಾಂಪೂ ಬಾಟಲಿಯ ಹಿಂಭಾಗದಲ್ಲಿ ಮಾತ್ರ. ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು ಪಾಸಾದೆ, ಬಿ.ಎಡ್. ಮಾಡಿದೆ, ನಾಲ್ಕನೆಯ ಭಾಷೆಯನ್ನು ಕಲಿಸಲು ಸರ್ಟಿಫಿಕೇಟು ಸಿಕ್ಕಿತು. ಮೊದಲ ಮೂರಕ್ಕೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ಆದ್ದರಿಂದ ಅವು ಚೆನ್ನಾಗಿಯೇ ಬರುತ್ತವೆ.

ಮೊದಲ ಎರಡು ವರ್ಷ ಅಜೆಕಾರಿನ ಹತ್ತಿರದ ಒಂದು ಶಾಲೆಯಲ್ಲಿ ತಾತ್ಕಾಲಿಕ ಕೆಲಸ. ಅಲ್ಲಿಗೆ ಒಮ್ಮೆ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಪಾಠ ಮುಗಿದ ಮೇಲೆ ನನ್ನೊಡನೆ ಇಂಗ್ಲಿಷಿನಲ್ಲೇ ಮಾತು ತೆಗೆದರು. ನನ್ನ ಹೆಸರು, ಊರು, ಓದು, ಆಸಕ್ತಿ ಎಂದು ಅವರು ನಾಲ್ಕು ಪ್ರಶ್ನೆ ಕೇಳಿದರು. ನಾನು ಸಂದರ್ಶನಕ್ಕೆಂದು ಉರು ಹೊಡೆದಿದ್ದ ಆರು ವಾಕ್ಯಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಿದೆ. ಅವರ ಪ್ರಶ್ನೆ ಮುಗಿಯಿತು, ನನ್ನ ವಾಕ್ಯವೂ ಮುಗಿಯಿತು. ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು. ಅಷ್ಟರಲ್ಲಿ ಜವಾನ ಎಳನೀರಿನ ಬೊಂಡ ತಂದ. ಆ ಅಧಿಕಾರಿ ಅದನ್ನು ಕಂಡು ಪಟ್ಟ ಸಂತೋಷ ಬರಿಯ ಬಾಯಾರಿಕೆಯದಲ್ಲ ಎಂದು ನನಗೆ ಆಗಲೇ ಅನಿಸಿತ್ತು. ವರದಿಯಲ್ಲಿ 'ಶಿಕ್ಷಕಿಯ ಇಂಗ್ಲಿಷ್ ಸಂಭಾಷಣೆ ತೃಪ್ತಿಕರ' ಎಂದು ಬರೆದಿದ್ದರು.

ಆಮೇಲೆ ಕಾಯಂ ಆಗಿ ಸೇರಿದ್ದು ಮಣಿಪಾಲದ ಗುಡ್ಡದ ಬುಡದಲ್ಲಿರುವ ಅನುದಾನಿತ ಕನ್ನಡ ಶಾಲೆಗೆ. ಗುಡ್ಡದ ಮೇಲೆ ದೇಶವಿದೇಶದ ಮಕ್ಕಳು ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಜಗಳ ಮಾಡಿ, ಇಂಗ್ಲಿಷಿನಲ್ಲಿ ಪರೋಟ ತಿನ್ನುತ್ತಿದ್ದರು. ಗುಡ್ಡದ ಕೆಳಗೆ ನಾವು ಅದೇ ಇಂಗ್ಲಿಷನ್ನು ಕನ್ನಡದಲ್ಲಿ ಕಲಿಸುತ್ತಿದ್ದೆವು. ಮಧ್ಯೆ ಇದ್ದದ್ದು ಆಟೋದಲ್ಲಿ ಹತ್ತು ನಿಮಿಷದ ದಾರಿ. ಮೂವತ್ತು ವರ್ಷದಲ್ಲಿ ನಾನು ಅದನ್ನು ಎಷ್ಟು ಸಲ ಹತ್ತಿದ್ದೇನೆಂದರೆ, ಕಣ್ಣಿನ ಆಸ್ಪತ್ರೆಗೆ ಎರಡು ಸಲ, ಮುಂದೆ ಹೇಳುವ ಕಾರಣಕ್ಕೆ ಇನ್ನೊಂದು ಸಲ.

ಆ ಶಾಲೆಯಲ್ಲಿ ನನಗಿಂತ ಮೊದಲು ಇಂಗ್ಲಿಷ್ ಕಲಿಸುತ್ತಿದ್ದವರು ವಾಸುದೇವ ಮಾಸ್ಟ್ರು. ನಿವೃತ್ತರಾಗುವ ದಿನ ಬೀರುವಿನ ಕೀಲಿಕೈಯ ಜೊತೆಗೆ ನನ್ನ ಕೈಗೆ ನಾಲ್ಕು ಪುಟ ಕೊಟ್ಟರು. ಇಂಗ್ಲಿಷಿನಲ್ಲಿ ಪುಟ್, ಗಿವ್, ಕಾಲ್, ಟರ್ನ್ ಎಂಬ ಸಣ್ಣ ಸಣ್ಣ ಕ್ರಿಯಾಪದಗಳ ಹಿಂದೆ ಬಾಲದ ಹಾಗೆ ಇನ್ನೊಂದು ಸಣ್ಣ ಪದ ಸೇರಿ ಅರ್ಥವೇ ಬದಲಾಗುತ್ತದಲ್ಲ, ಅಂಥವುಗಳ ಪಟ್ಟಿ ಅದು. ಪುಟಕ್ಕೆ ಹನ್ನೆರಡು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡದಲ್ಲಿ ಅರ್ಥ. ಪುಟ್ ಎಂದರೆ ಇಡು. ಆದರೆ ಪುಟ್ ಆಫ್ ಎಂದರೆ ಮುಂದೂಡು, ಪುಟ್ ಔಟ್ ಎಂದರೆ ನಂದಿಸು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊಳ್ಳು. 'ಟೀಚರ್, ಹಾಗಾದರೆ ಇಡುವುದು ಎಲ್ಲಿ ಹೋಯ್ತು?' ಎಂದು ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಿದ್ದ. ಉತ್ತರ ಗೊತ್ತಿಲ್ಲದ ಕಾರಣ ಅವನನ್ನು ನಿಲ್ಲಿಸಿ ಇಡುತ್ತಿದ್ದೆ.

"ಒಂದಕ್ಕೆ ಒಂದೇ ಅರ್ಥ, ಗೊತ್ತಾಯ್ತಾ ಟೀಚರ್?" ಎಂದು ವಾಸುದೇವ ಮಾಸ್ಟ್ರು ಬುದ್ಧಿ ಹೇಳಿದ್ದರು. "ಎರಡು ಹೇಳಿದ್ರೆ ಮಕ್ಕಳು ಎರಡನ್ನೂ ಮರೀತಾರೆ. ಒಂದು ಹೇಳಿದ್ರೆ ಒಂದನ್ನೇ ಮರೀತಾರೆ. ಲಾಭ ಅಲ್ವಾ?"

ನಮ್ಮ ಕ್ರಮ ಹೀಗಿತ್ತು. ಬೆಳಗ್ಗಿನ ಪ್ರಾರ್ಥನೆ ಮುಗಿದ ಕೂಡಲೇ ಹತ್ತನೇ ತರಗತಿಯವರು ಜಗಲಿಯಲ್ಲಿ ಸಾಲಾಗಿ ನಿಂತು ದಿನಕ್ಕೊಂದು ಪುಟ ರಾಗವಾಗಿ ಹೇಳಬೇಕು. ಒಬ್ಬ ಇಂಗ್ಲಿಷ್ ಹೇಳುವುದು, ಉಳಿದವರೆಲ್ಲ ಒಟ್ಟಿಗೆ ಅರ್ಥ ಹೇಳುವುದು. ಗೇಟಿನ ಹೊರಗೆ ನಿಲ್ಲುವ ಆಟೋದವರಿಗೂ ಬಾಯಿಪಾಠ ಆಗಿತ್ತು. ಪರೀಕ್ಷೆಗೆ ನಾನು ಇದೇ ಪಟ್ಟಿಯಿಂದ ಪ್ರಶ್ನೆ ತೆಗೆಯುತ್ತಿದ್ದೆ, ಮಕ್ಕಳು ಇದೇ ಪಟ್ಟಿಯಿಂದ ಉತ್ತರ ಬರೆಯುತ್ತಿದ್ದರು, ನಾನು ಇದೇ ಪಟ್ಟಿ ನೋಡಿ ಅಂಕ ಹಾಕುತ್ತಿದ್ದೆ. ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲವೂ ನಾಲ್ಕು ಪುಟದೊಳಗೆ ಮುಗಿಯುತ್ತಿತ್ತು. ಇಂಗ್ಲೆಂಡಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ನಡುವೆ ಪದ್ಧತಿ ಬದಲಾಯಿಸಲು ಸರಕಾರ ಪ್ರಯತ್ನಿಸದೆ ಇರಲಿಲ್ಲ. ಉಡುಪಿಯಲ್ಲಿ ಐದು ದಿನದ ತರಬೇತಿಗೆ ಹೋದೆವು. ಕಂಠಪಾಠ ಪಾಪ, ಕನ್ನಡ ಅರ್ಥ ಮಹಾಪಾಪ, ಮಕ್ಕಳು ಅಭಿನಯಿಸಿ ಕಲಿಯಬೇಕು ಎಂದು ತರಬೇತುದಾರರು ಮೂರು ದಿನ ಭಾಷಣ ಮಾಡಿದರು. ಅಭಿನಯ ಯಾರೂ ಮಾಡಲಿಲ್ಲ. ನಾನು ಬಂದು ಮಾಡಿಸಿದೆ. ಬೆಂಕಿ ನಂದಿಸುವ ಅಭಿನಯಕ್ಕೆ ಹುಡುಗರು ನಿಜವಾಗಿ ಎರಡು ಕೊಡ ನೀರು ತಂದು ಹುಡುಗಿಯರ ಬೆಂಚಿಗೆ ಸುರಿದರು. ಹೆಡ್ ಮಾಸ್ಟ್ರಾಗಿದ್ದ ಸದಾನಂದರು ಬಾಗಿಲಲ್ಲಿ ಬಂದು ನಿಂತು, "ಎಂತ ಟೀಚರ್, ಯಕ್ಷಗಾನಕ್ಕೆ ಬೇರೆ ಪೀರಿಯಡ್ ಉಂಟಲ್ಲ?" ಎಂದರು. ಮರುದಿನದಿಂದ ಪುನಃ ಪಟ್ಟಿ ಶುರುವಾಯಿತು.

ಕಡೆಗೆ ಆ ಪುಟಗಳು ಸವೆದು ಅಕ್ಷರ ಕಾಣದಾದವು. ಉಡುಪಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದೆ. ಅಲ್ಲಿ ನಡೆದದ್ದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮೂರನೆಯ ಪುಟದಲ್ಲಿ ಮೊದಲ ಸಾಲಿನ ಕನ್ನಡ ಅರ್ಥ ಟೈಪ್ ಮಾಡುವವನ ಕೈತಪ್ಪಿ ಬಿಟ್ಟುಹೋಯಿತು. ಹಾಗಾಗಿ ಕೆಳಗಿನ ಹನ್ನೊಂದು ಅರ್ಥಗಳೂ ಒಂದೊಂದು ಸಾಲು ಮೇಲಕ್ಕೆ ಸರಿದವು. ಮುಂದೂಡು ಎಂಬುದು ರದ್ದುಮಾಡು ಎಂದಿರಬೇಕಾದ ಕಾಲ್ ಆಫ್‌ನ ಎದುರಿಗೆ ಬಂತು, ನಂದಿಸು ಎಂಬುದು ಪುಟ್ ಆಫ್‌ನ ಎದುರಿಗೆ, ಗಿವ್ ಇನ್ ಎಂಬುದರ ಅರ್ಥವಾದ ಶರಣಾಗು ಎಂಬುದು ಪುಟ್ ಅಪ್ ವಿತ್‌ನ ಎದುರಿಗೆ. ಕೊನೆಯ ಸಾಲಿನ ಬಲಗಡೆ ಖಾಲಿ ಉಳಿಯಿತು. ಟೈಪ್ ಮಾಡಿದವನು ಒಂದು ಮರೆತಿದ್ದಾನೆ ಎಂದು ನಾನು ಬೈದುಕೊಂಡು, ಕೊನೆಯ ಅರ್ಥವನ್ನು ಪೆನ್ನಿನಲ್ಲಿ ನಾನೇ ಬರೆದು, ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿದೆ.

ನನಗೆ ಹೇಗೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಒಂದು ಕಾರಣ, ಪಕ್ಕದ ಸಾಲಿನ ಅರ್ಥಗಳು ದೂರದ ನೆಂಟರ ಹಾಗೆ ಸ್ವಲ್ಪ ಹೋಲುತ್ತಿದ್ದವು. ರದ್ದುಮಾಡುವುದಕ್ಕೂ ಮುಂದೂಡುವುದಕ್ಕೂ ನಮ್ಮ ಇಲಾಖೆಯಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಸಹಿಸಿಕೊಳ್ಳುವುದೂ ಶರಣಾಗುವುದೂ ನಮ್ಮ ಸಂಸಾರಗಳಲ್ಲಿ ಒಂದೇ. ಇನ್ನೊಂದು ಕಾರಣ, ಹೇಳಲು ನಾಚಿಕೆಯಾಗುತ್ತದೆ, ನಾನು ಪಟ್ಟಿಯನ್ನು ಓದುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಮಕ್ಕಳು ಹೇಳುವ ರಾಗ ಸರಿ ಇದೆಯೇ ಎಂದಷ್ಟೇ ಕೇಳುತ್ತಿದ್ದೆ. ಒಂದೇ ಪುಟದಲ್ಲಿ ಎರಡು ಕಡೆ ಒಂದೇ ಅರ್ಥ ಬಂದದ್ದನ್ನು ಒಬ್ಬಳು ಹುಡುಗಿ ತೋರಿಸಿದಾಗ, ಇಂಗ್ಲಿಷಿನಲ್ಲಿ ಹೀಗೂ ಉಂಟು ಎಂದು ಗಂಭೀರವಾಗಿ ವಿವರಿಸಿದ್ದೇನೆ.

ಒಮ್ಮೆ ಗುಡ್ಡದ ಮೇಲಿನಿಂದ ವಿದೇಶಿ ವಿದ್ಯಾರ್ಥಿನಿಯೊಬ್ಬಳು ನಮ್ಮ ಶಾಲೆ ನೋಡಲು ಬಂದಿದ್ದಳು. ಅವಳ ಗೌರವಾರ್ಥ ಮಕ್ಕಳು ಮೂರನೆಯ ಪುಟವನ್ನೇ ಹಾಡಿದರು. ಅವಳು ಕಣ್ಣರಳಿಸಿ ಕೇಳಿ, ಚಪ್ಪಾಳೆ ತಟ್ಟಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದಳು. ಅವಳಿಗೆ ಇಂಗ್ಲಿಷ್ ಗೊತ್ತಿತ್ತು, ಕನ್ನಡ ಗೊತ್ತಿರಲಿಲ್ಲ. ಮಕ್ಕಳಿಗೆ ಕನ್ನಡ ಗೊತ್ತಿತ್ತು, ಇಂಗ್ಲಿಷ್ ಗೊತ್ತಿರಲಿಲ್ಲ. ಎರಡೂ ಗೊತ್ತಿದೆ ಎಂದು ಸಂಬಳ ತೆಗೆದುಕೊಳ್ಳುತ್ತಿದ್ದವಳು ನಡುವೆ ನಗುತ್ತಾ ನಿಂತಿದ್ದಳು.

ನಾನು ನಿವೃತ್ತಳಾಗುವ ಹಿಂದಿನ ವರ್ಷ ರೇಣುಕಾ ನನ್ನ ಹತ್ತನೇ ತರಗತಿಯಲ್ಲಿದ್ದಳು. ಕೊಪ್ಪಳದ ಕಡೆಯವರು. ತಂದೆ ಹನುಮಪ್ಪ ಮಣಿಪಾಲದ ಒಂದು ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ತಾಯಿ ಅದರ ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರು ವಯಸ್ಸಾದ ಡಾಕ್ಟರಮ್ಮನ ಮನೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಡಾಕ್ಟರಮ್ಮ ಉತ್ತರ ಭಾರತದವರು, ಇಂಗ್ಲಿಷ್ ಬಿಟ್ಟು ಇಲ್ಲಿನ ಯಾವ ಭಾಷೆಯೂ ಬಾರದು. ರಜೆಯಲ್ಲಿ ರೇಣುಕಾ ತಾಯಿಯ ಜೊತೆ ಅಲ್ಲಿಗೆ ಹೋಗುವಳು. ಬರುವ ಬೇಸಿಗೆಗೆ ಕಟ್ಟಡದ ಕೆಲಸ ಮುಗಿಯುವುದರಲ್ಲಿತ್ತು. ಆಮೇಲೆ ಹನುಮಪ್ಪ ಸಂಸಾರ ಕಟ್ಟಿಕೊಂಡು ಊರಿಗೆ ಹೋಗುವವನು. ಉಡುಪಿಯ ಹಾಸ್ಟೆಲಿನಲ್ಲಿ ಸೀಟು ಸಿಗುವಷ್ಟು ಅಂಕ ಬಂದರೆ ಮಗಳನ್ನು ಇಲ್ಲಿಯೇ ಕಾಲೇಜಿಗೆ ಬಿಡುತ್ತೇನೆ, ಇಲ್ಲದಿದ್ದರೆ ಅವಳೂ ಹೊರಡಬೇಕು ಎಂದು ಹೇಳಿದ್ದ. ಇದು ಇಡೀ ಶಾಲೆಗೆ ಗೊತ್ತಿದ್ದ ವಿಷಯ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪುಟ್ ಅಪ್ ವಿತ್ ಎಂಬುದರ ಅರ್ಥ ಕೇಳಿದ್ದೆ. ರೇಣುಕಾ ಒಬ್ಬಳೇ 'ಸಹಿಸಿಕೊಳ್ಳು' ಎಂದು ಬರೆದಿದ್ದಳು. ಕೆಂಪು ಗೀಟು ಹಾಕಿದೆ. ಅವಳು ಉತ್ತರಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು.

"ಟೀಚರ್, ಇದು ಸರಿ ಐತಿ ಅನಸ್ತದ್ರಿ. ನಮ್ಮವ್ವ ಕೆಲಸಕ್ಕ ಹೋಗೋ ಮನಿ ಅಮ್ಮಾರು ದಿನಾ ಈ ಮಾತು ಅಂತಾರ್ರಿ. ಬಾಜೂಕ ಕಟ್ಟಡದ್ದು ಸಪ್ಪಳ ಆಗ್ತೈತಲ್ರಿ, ಆವಾಗ ಎರಡೂ ಕಿವಿ ಮುಚ್ಕೊಂಡು ಅಂತಾರ್ರಿ. ಸಹಿಸಾಕ ಆಗವಲ್ದು ಅಂದಂಗ ರೀ ಅದು."

ಬಾಜೂಕ ಕಟ್ಟಡದ ಸಪ್ಪಳ ಎಂದರೆ ಅವಳ ತಂದೆಯ ಕೆಲಸದ ಸಪ್ಪಳ. ಒಬ್ಬ ಹುಡುಗಿ ತನ್ನ ಅಪ್ಪನ ಕೆಲಸದ ಸದ್ದಿಗೆ ಬೇರೆಯವರು ಕಿವಿ ಮುಚ್ಚಿಕೊಳ್ಳುವುದನ್ನು ನೋಡಿ, ಬಾಯಿಯ ಮಾತನ್ನೂ ಮುಖದ ಸಂಕಟವನ್ನೂ ಕೂಡಿಸಿ, ಒಂದು ಪರಭಾಷೆಯ ಅರ್ಥವನ್ನು ತಾನೇ ಕಂಡುಹಿಡಿದಿದ್ದಳು. ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಇಂಗ್ಲಿಷನ್ನು ನಿಜವಾಗಿ ಕಲಿತ ಮಗು ನನ್ನೆದುರು ನಿಂತದ್ದು ಅದೇ ಮೊದಲು. ನಾನು ಏನು ಹೇಳಿದೆ ಎಂಬುದು ನನಗೆ ಒಂದು ಅಕ್ಷರ ತಪ್ಪದೆ ನೆನಪಿದೆ.

"ನಿನ್ನ ಅಮ್ಮಾರು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೀಲಿಕ್ಕೆ ಉಂಟಾ? ಇಲ್ಲ ಅಲ್ವಾ? ಪಟ್ಟಿಯಲ್ಲಿ ಎಂತ ಉಂಟೋ ಅದನ್ನು ಬರಿ."

ಸ್ಟಾಫ್ ರೂಮಿನಲ್ಲಿ ಇದ್ದವರು ನಕ್ಕರು. ಅಷ್ಟಕ್ಕೇ ಬಿಡಲಿಲ್ಲ ನಾನು. ಆ ತಿಂಗಳ ಪೋಷಕರ ಸಭೆಗೆ ಹನುಮಪ್ಪ ಅರ್ಧ ದಿನದ ಕೆಲಸ ಬಿಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. "ಹುಡುಗಿ ಹುಷಾರಿದ್ದಾಳೆ, ಆದ್ರೆ ಎದುರುತ್ತರ ಸ್ವಲ್ಪ ಜಾಸ್ತಿ" ಎಂದೆ. ಅವನು ಕೈ ಮುಗಿದು ಹೋದ. ನಾನು ಮುಂದಿನ ಪೋಷಕರನ್ನು ಕರೆದೆ.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಅದುವರೆಗೆ ಅದರ ಉತ್ತರಪತ್ರಿಕೆಗಳನ್ನು ಆಯಾ ಶಾಲೆಯವರೇ ತಿದ್ದುತ್ತಿದ್ದರು. ಆ ವರ್ಷ ಹೊಸ ಕ್ರಮ ಬಂತು. ಪ್ರಶ್ನೆಪತ್ರಿಕೆ ಹೊರಗಿನವರು ತಯಾರಿಸುವುದು, ಉತ್ತರಪತ್ರಿಕೆಯ ಕಟ್ಟು ಬೇರೆ ಶಾಲೆಗೆ ಹೋಗುವುದು. ನಮ್ಮದು ಕಾರ್ಕಳದ ಕಡೆಯ ಒಂದು ಶಾಲೆಗೆ ಹೋಯಿತು. ತಿದ್ದಿದವರು ಪ್ರಭಾಕರ ಮಾಸ್ಟ್ರು, ತರಬೇತಿಗಳಲ್ಲಿ ನನ್ನ ಪಕ್ಕ ಕುಳಿತು ತೂಕಡಿಸುತ್ತಿದ್ದವರು. ಒಂದು ಮಧ್ಯಾಹ್ನ ಅವರ ಫೋನು ಬಂತು.

"ಟೀಚರ್, ಬೇಜಾರು ಮಾಡ್ಬೇಡಿ, ಒಂದು ವಿಷಯ ಕೇಳ್ಲಿಕ್ಕುಂಟು. ಅರ್ಥ ಬರೆಯುವ ನಾಲ್ಕು ಪ್ರಶ್ನೆಯಲ್ಲಿ ನಿಮ್ಮ ಮೂವತ್ತೆಂಟು ಮಕ್ಕಳೂ ಒಂದೇ ತಪ್ಪು ಬರೆದಿದ್ದಾರೆ. ಅದೇ ಶಬ್ದ, ಅದೇ ತಪ್ಪು. ನಾನು ಕಾಪಿ ಅಂತ ವರದಿ ಮಾಡ್ಬೇಕಾ ಬೇಡ್ವಾ, ನೀವೇ ಹೇಳಿ."

"ಕಾಪಿ ಮಾಡ್ಲಿಕ್ಕೆ ನಾನು ಬಿಡುವವಳಲ್ಲ ಮಾಸ್ಟ್ರೇ. ಎಂತ ತಪ್ಪು ಹೇಳಿ" ಎಂದೆ.

ಅವರು ಓದಿದರು. ಪಟ್ಟಿಯಲ್ಲಿ ಹಾಗೆಯೇ ಉಂಟಲ್ಲ ಎಂದು ಹೇಳಲು ಬಾಯಿ ತೆರೆದವಳು, ಆಮೇಲೆ ಮಾತಾಡುತ್ತೇನೆ ಎಂದು ಫೋನಿಟ್ಟು ಬೀರು ತೆಗೆದೆ. ಬೀರುವಿನ ತಳದಲ್ಲಿ ವಾಸುದೇವ ಮಾಸ್ಟ್ರ ಹಳೆಯ ಪುಟಗಳು ಇದ್ದವು. ಕಿಟಕಿಯ ಬೆಳಕಿಗೆ ಹಿಡಿದು, ಕಾಣದ ಅಕ್ಷರಗಳನ್ನು ಬೆರಳಿಟ್ಟು ಓದಿದೆ. ಹನ್ನೆರಡು ಸಾಲನ್ನೂ ಓದಿ, ಜೆರಾಕ್ಸ್ ಪುಟವನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಎಷ್ಟು ವರ್ಷದ ಮಕ್ಕಳು ಈ ಪುಟವನ್ನು ಹಾಡಿ ಹೊರಗೆ ಹೋಗಿದ್ದಾರೆ ಎಂದು ಲೆಕ್ಕ ಹಾಕಲು ಹೊರಟು ಅರ್ಧದಲ್ಲಿ ನಿಲ್ಲಿಸಿದೆ.

ಸದಾನಂದ ಹೆಡ್ ಮಾಸ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮಾರಾಯ್ತಿ, ಇದನ್ನು ಕಾಪಿ ಅಂತ ಹೇಳುವ ಹಾಗೂ ಇಲ್ಲ, ಟೀಚರ್ ತಪ್ಪು ಕಲಿಸಿದ್ದು ಅಂತ ಹೇಳುವ ಹಾಗೂ ಇಲ್ಲ. ಮುದ್ರಣದೋಷ ಅಂತ ಹೇಳಿ ಮುಗಿಸುವ. ಪರೀಕ್ಷೆಗೆ ಇನ್ನು ಮೂರು ವಾರ. ಈಗ ಮಕ್ಕಳ ಹತ್ರ ತಪ್ಪು ಅಂತ ಹೇಳಿದ್ರೆ ಬಾಕಿ ಮೂರು ಪುಟದ ಮೇಲೂ ಅವರಿಗೆ ವಿಶ್ವಾಸ ಹೋಗ್ತದೆ. ಅದು ಬರುವುದಾದ್ರೂ ಎಷ್ಟು ಮಾರ್ಕಿಗೆ? ಒಂದು, ಹೆಚ್ಚೆಂದ್ರೆ ಎರಡು."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ ಎಂದು ನನ್ನ ಅರ್ಧ ಮನಸ್ಸು ಒಪ್ಪಿಯೇಬಿಟ್ಟಿತ್ತು. ಒಂದು ಅಂಕಕ್ಕೆ ಯಾರು ಮರ್ಯಾದೆ ಕಳೆದುಕೊಳ್ಳುತ್ತಾರೆ? ಅಷ್ಟರಲ್ಲಿ ಪ್ರಭಾಕರ ಮಾಸ್ಟ್ರು ಕಟ್ಟನ್ನು ವಾಪಸ್ ಕಳುಹಿಸಿದರು. ನಾನು ಮೊದಲು ಹುಡುಕಿದ್ದು ರೇಣುಕಾಳ ಪತ್ರಿಕೆಯನ್ನು. ಮೂವತ್ತೆಂಟೂ ಎಂದು ಅವರು ಸುಮ್ಮನೆ ಹೇಳಿರಬಹುದು, ಇವಳೊಬ್ಬಳು ಸರಿ ಬರೆದಿರುತ್ತಾಳೆ, ಮೂವತ್ತೇಳು ಮತ್ತು ಒಂದು ಎಂದಾದರೆ ನಾನು ಸ್ವಲ್ಪ ಉಸಿರಾಡಬಹುದು ಎಂಬ ಆಸೆ. ಪತ್ರಿಕೆ ಸಿಕ್ಕಿತು. ಪುಟ್ ಅಪ್ ವಿತ್‌ನ ಎದುರಿಗೆ ಅವಳ ದುಂಡಗಿನ ಅಕ್ಷರದಲ್ಲಿ 'ಶರಣಾಗು' ಎಂದಿತ್ತು.

ಆ ಸಂಜೆ ಗುಡ್ಡ ಹತ್ತಿ, ಕಟ್ಟಡದ ಬಳಿ ರೇಣುಕಾಳ ಮನೆಯವರು ಇದ್ದ ಶೆಡ್ಡಿಗೆ ಹೋದೆ. ಹನುಮಪ್ಪ ಕೈಕಾಲು ತೊಳೆಯುತ್ತಿದ್ದವನು ಗಾಬರಿಯಾಗಿ ಓಡಿಬಂದು, ಬಕೆಟನ್ನು ಬೋರಲು ಹಾಕಿ, ಮೇಲೆ ಟವೆಲ್ ಹಾಸಿ ಕೂರಿಸಿದ. ರೇಣುಕಾ ಇರಲಿಲ್ಲ, ತಾಯಿಯ ಜೊತೆ ಡಾಕ್ಟರಮ್ಮನ ಮನೆಗೆ ಹೋಗಿದ್ದಳು. ನಾನು ಬಂದ ಕಾರಣವನ್ನು ಹೇಗೆ ಶುರು ಮಾಡುವುದೆಂದು ತಿಳಿಯದೆ ಒದ್ದಾಡುವಾಗ ಅವನೇ ಮಾತು ತೆಗೆದ.

"ಮತ್ತೇನರೆ ತಂಟಿ ಮಾಡಿದ್ಲೇನ್ರಿ ಟೀಚರ್? ಅವತ್ತ ನೀವು ಎದುರುತ್ತರ ಅಂತ ಹೇಳಿದ್ರಲ್ರಿ, ಮನಿಗೆ ಬಂದು ಸಮಾ ಬಡದೆ ನೋಡ್ರಿ. ಗುರುಗಳಿಗೆ ಗೊತ್ತಿರ್ತೈತೋ, ನಿಂಗ ಗೊತ್ತಿರ್ತೈತೋ ಅಂದೆ. ಅವತ್ತಿನಿಂದ ಬಾಯಿ ಬಿಟ್ಟಿಲ್ಲ ಬಿಡ್ರಿ."

ನಾನು ತಪ್ಪು ನನ್ನದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ಹಂಗ ಅನಬ್ಯಾಡ್ರಿ" ಎಂದು ಕೈ ಮುಗಿದ. ಮೂರನೆಯ ಸಲ ಹೇಳಿದಾಗ, ದೊಡ್ಡವರು ಹೀಗೆ ಸಣ್ಣವರಾಗಿ ಮಾತಾಡುವುದು ದೊಡ್ಡತನ ಎಂದು ತಿಳಿದು ಅವನ ಕಣ್ಣು ತುಂಬಿತು. ಬೇರೆ ಯಾರಾದರೂ ನನ್ನನ್ನು ಬೈದಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಇಳಿಯುವ ದಾರಿಯಲ್ಲಿ ಅತ್ತೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮರುದಿನ ಹೆಡ್ ಮಾಸ್ಟ್ರ ಮಾತು ಮೀರಿ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಮೂರನೆಯ ಪುಟ ಪೂರ್ತಿ ತಪ್ಪು, ತಪ್ಪು ಮಾಡಿದ್ದು ನಾನು, ಸರಿಯಾಗಿ ಬರೆದಿದ್ದವಳು ರೇಣುಕಾ, ಅವಳನ್ನು ಬೈದದ್ದೂ ನಾನು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಟೀಚರ್, ಹಾಗಾದ್ರೆ ನಾಲ್ಕನೇ ಪುಟ ಓದ್ಬೇಕಾ ಬೇಡ್ವಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ರೇಣುಕಾಳನ್ನು ಮುಂದೆ ಕರೆದು, ಎಲ್ಲರಿಂದ ಚಪ್ಪಾಳೆ ತಟ್ಟಿಸಿ, ಸರಿಯಾದ ಅರ್ಥಗಳನ್ನು ಅವಳ ಕೈಯಿಂದಲೇ ಬೋರ್ಡಿನ ಮೇಲೆ ಬರೆಸಿದೆ. ಅವಳು ಬೋರ್ಡಿಗೆ ಮುಖ ಮಾಡಿ ಬರೆದಳು. ಬರೆದು ಮುಗಿಸಿ ತಲೆ ತಗ್ಗಿಸಿ ಜಾಗಕ್ಕೆ ಹೋದಳು. ನಾನು ಅದನ್ನು ಸಂಕೋಚ ಎಂದುಕೊಂಡೆ. ನ್ಯಾಯ ಮಾಡಿದ ಸಂತೋಷದಲ್ಲಿದ್ದೆ ನೋಡಿ, ಅಷ್ಟಕ್ಕಿಂತ ಹೆಚ್ಚು ಕಾಣಿಸಲಿಲ್ಲ.

ಆಮೇಲೆ ನಾನು ಮಾಡಿದ್ದೇನು ಗೊತ್ತೇ? ಹೊಸದಾಗಿ ಪುಟ ಟೈಪ್ ಮಾಡಿಸಿ, ಸಾಲು ಸಾಲು ಮೂರು ಸಲ ತಾಳೆ ನೋಡಿ, ಮಕ್ಕಳನ್ನು ಪುನಃ ಅದೇ ಜಗಲಿಯಲ್ಲಿ ನಿಲ್ಲಿಸಿ, ಅದೇ ರಾಗದಲ್ಲಿ ಹೇಳಿಸಿದೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಮೊದಲ ವಾರ ಬಾಯಿ ಹಳೆಯ ಕಡೆಗೇ ಹೋಗುತ್ತಿತ್ತು. ಎರಡನೆಯ ವಾರದಲ್ಲಿ ಮೂವತ್ತೇಳು ಮಕ್ಕಳು ತಪ್ಪನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರೋ ಸರಿಯನ್ನೂ ಅಷ್ಟೇ ಚೆನ್ನಾಗಿ ಹೇಳತೊಡಗಿದರು. ರೇಣುಕಾಳ ಬಾಯಿಯೂ ಆಡುತ್ತಿತ್ತು. ದನಿ ಬರುತ್ತಿತ್ತೋ ಇಲ್ಲವೋ, ಅಷ್ಟು ಜನರ ನಡುವೆ ನನಗೆ ಕೇಳಿಸಲಿಲ್ಲ.

ಇನ್ನು ಮುಂದಿನದನ್ನು ಹೇಳುವ ಮೊದಲು ಒಂದು ಮಾತು ತಿಳಿಸಿಬಿಡುತ್ತೇನೆ, ಇಲ್ಲದಿದ್ದರೆ ನೀವು ಇದನ್ನು ಕಣ್ಣೀರಿನ ಕಥೆ ಎಂದುಕೊಳ್ಳುತ್ತೀರಿ. ರೇಣುಕಾಳಿಗೆ ಒಳ್ಳೆಯ ಅಂಕ ಬಂತು, ಉಡುಪಿಯಲ್ಲಿ ಹಾಸ್ಟೆಲ್ ಸೀಟೂ ಸಿಕ್ಕಿತು. ಹನುಮಪ್ಪ ಊರಿಗೆ ಹೋಗುವ ಮೊದಲು ಒಂದು ಪೊಟ್ಟಣ ಪೇಡ ತಂದುಕೊಟ್ಟು, ಎಲ್ಲ ನಿಮ್ಮಿಂದ ಎಂದ. ವಾರ್ಷಿಕ ಸಂಚಿಕೆಯಲ್ಲಿ ಅವಳ ಫೋಟೋದ ಕೆಳಗೆ ನನ್ನ ಹೆಸರೂ ಇದೆ.

ನಾನು ಹೇಳಬೇಕೆಂದಿರುವುದು ಇಂಗ್ಲಿಷ್ ಪರೀಕ್ಷೆ ಮುಗಿದ ಮಧ್ಯಾಹ್ನದ ಸಂಗತಿ. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಮರದ ನೆರಳಿನಲ್ಲಿ ನಿಂತು, ಬಂದ ಮಕ್ಕಳ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಏನೇನು ಬರೆದಿರಿ ಎಂದು ಒಂದೊಂದೇ ಪ್ರಶ್ನೆ ಕೇಳುವುದು ನಾವು ಟೀಚರುಗಳ ವಾಡಿಕೆ. ಮಕ್ಕಳ ಸಮಾಧಾನಕ್ಕೆ ಎನ್ನುತ್ತೇವೆ, ನಮ್ಮ ಸಮಾಧಾನಕ್ಕೇ ಅದು. ಅಂದು ಪ್ರಶ್ನೆಪತ್ರಿಕೆ ಬಿಡಿಸಿದರೆ ಅಲ್ಲಿ ಪುಟ್ ಅಪ್ ವಿತ್ ಇತ್ತು. ಕೆಳಗೆ ನಾಲ್ಕು ಉತ್ತರ ಕೊಟ್ಟು ಸರಿಯಾದ್ದನ್ನು ಆರಿಸಿ ಎಂದಿದ್ದರು. 'ಸಹಿಸಿಕೊಳ್ಳು' ಎಂಬುದೂ ಇತ್ತು, 'ಶರಣಾಗು' ಎಂಬುದೂ ಇತ್ತು. ಒಬ್ಬೊಬ್ಬರನ್ನೇ ಕೇಳಿದೆ. ಸಹಿಸಿಕೊಳ್ಳು ಟೀಚರ್, ಸಹಿಸಿಕೊಳ್ಳು ಟೀಚರ್. ನಾಲ್ಕನೇ ಪುಟ ಓದಬೇಕೇ ಎಂದು ಕೇಳಿದ ಹುಡುಗ ಕೂಡ ಸರಿ ಬರೆದಿದ್ದ. ಮೂವತ್ತೇಳು ಜನ ಸರಿ. ನನಗೆ ಹಾರುವಷ್ಟು ಹಗುರವಾಯಿತು.

ರೇಣುಕಾ ಕೊನೆಗೆ ಬಂದಳು. ಅವಳನ್ನು ಕೇಳುವ ಅಗತ್ಯವೇ ಇರಲಿಲ್ಲ. ಸುಮ್ಮನೆ ಅವಳ ಬಾಯಿಂದ ಕೇಳುವ ಆಸೆಗೆ ಕೇಳಿದೆ.

"ಅದನ್ನ ಬಿಟ್ಟೇನ್ರಿ ಟೀಚರ್" ಎಂದಳು.

"ಬಿಟ್ಟದ್ದಾ? ಕಣ್ಣು ಮುಚ್ಚಿ ಯಾವುದಾದ್ರೂ ಒಂದು ಹಾಕ್ಬಹುದಿತ್ತಲ್ಲ ಮಗಾ? ಅದೂ ನಿನಗೆ ಗೊತ್ತಿದ್ದದ್ದೇ. ಎಲ್ಲರಿಗಿಂತ ಮೊದಲು ಗೊತ್ತಿದ್ದದ್ದು ನಿನಗೆ."

ಅವಳು ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪೌಚಿಗೆ ಹಾಕಿಕೊಳ್ಳುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಒಂದು ಅಂಕ ಹೋಯಿತೆಂಬ ಬೇಸರ ಸಹ ಇರಲಿಲ್ಲ.

"ಅರ್ಥ ಗೊತ್ತಿತ್ರಿ ಟೀಚರ್" ಎಂದಳು. "ಯಾವುದು ಬರದ್ರ ನಿಮಗ ಸಿಟ್ಟು ಬರೂದಿಲ್ಲ ಅನ್ನೂದು ಗೊತ್ತಾಗ್ಲಿಲ್ರಿ."